ಮೊದಲು ಪೆಲಿಯಾನ್‌ಗೆ ನಟ ಹುಡುಕಿ

ನಮ್ಮ ಆಫೀಸಿನಲ್ಲಿ ‘ಸ್ಟಾರ್ ವಾರ್ಸ್’ ಹುಚ್ಚಿನವರು ನಾಲ್ಕು ಜನ ಇದ್ದೀವಿ. ಟೀ ಟೈಮಲ್ಲಿ ನಮ್ಮದೊಂದು ಹಳೇ ಆಟ: ಟಿಮಥಿ ಝಾನ್ ಬರೆದ ಥ್ರಾನ್ ಕಾದಂಬರಿಗಳನ್ನು ತೆರೆಗೆ ತಂದರೆ ಯಾವ ಪಾತ್ರಕ್ಕೆ ಯಾರು?

ಓದಿಲ್ಲದವರಿಗೆ ಎರಡು ಮಾತು. 1991ರಲ್ಲಿ ‘ಏರ್ ಟು ದಿ ಎಂಪೈರ್’ ಬಂತು. ಮುಂದಿನ ಎರಡು ವರ್ಷಗಳಲ್ಲಿ ‘ಡಾರ್ಕ್ ಫೋರ್ಸ್ ರೈಸಿಂಗ್’ ಮತ್ತು ‘ದಿ ಲಾಸ್ಟ್ ಕಮಾಂಡ್’. 1983ರ ‘ರಿಟರ್ನ್ ಆಫ್ ದಿ ಜೆಡೈ’ ಸಿನಿಮಾ ನಿಂತಲ್ಲಿಂದ ಐದು ವರ್ಷ ಮುಂದಿನ ಕತೆ. ಚಕ್ರವರ್ತಿ ಸತ್ತಿದ್ದಾನೆ, ಸಾಮ್ರಾಜ್ಯ ಚಿಂದಿಯಾಗಿದೆ. ಅಳಿದುಳಿದ ಹಡಗುಗಳನ್ನು ಒಟ್ಟು ಮಾಡೋನು ಗ್ರ್ಯಾಂಡ್ ಅಡ್ಮಿರಲ್ ಥ್ರಾನ್. ನೀಲಿ ಮೈ, ಕೆಂಪು ಕಣ್ಣು. ಮನುಷ್ಯರಲ್ಲದವರನ್ನು ಕೀಳಾಗಿ ಕಾಣುವ ಸಾಮ್ರಾಜ್ಯದಲ್ಲಿ, ಮನುಷ್ಯನಲ್ಲದಿದ್ದರೂ ತುದಿಗೇರಿದವನು. ಶತ್ರುಗಳ ಕಲೆಯನ್ನು ನೋಡಿಯೇ ಅವರನ್ನು ಸೋಲಿಸೋ ದಾರಿ ಕಂಡುಕೊಳ್ಳುವವನು. ಲ್ಯೂಕಾಸ್‌ಫಿಲ್ಮನ್ನು 2012ರಲ್ಲಿ ಕೊಂಡ ಡಿಸ್ನಿ, 2014ರಲ್ಲಿ ಇಂಥ ಹಳೇ ಕಾದಂಬರಿಗಳಿಗೆಲ್ಲ ‘ಲೆಜೆಂಡ್ಸ್’ ಅಂತ ಹಣೆಪಟ್ಟಿ ಹಚ್ಚಿ ಅಧಿಕೃತ ಕತೆಯಿಂದ ಆಚೆಗಿಟ್ಟಿತು. ಅಲ್ಲಿಗೆ ನಮ್ಮ ಆಟ ಬರೀ ಬಾಯಿಚಪಲ. ಆದ್ರೂ ಬಿಡೋಕಾಗಲ್ಲ.

ನಾವೆಲ್ಲ ಮಾಡೋ ತಪ್ಪು ಒಂದೇ: ಮುಖ ಹೊಂದಿಸೋದು. ಥ್ರಾನ್ ಅಂದ ಕೂಡ್ಲೇ ಬಹಳ ಜನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅಂತಿದ್ರು. ಎತ್ತರದ ಕೆನ್ನೆಮೂಳೆ, ತಣ್ಣನೆ ನೋಟ, ನೀಲಿ ಬಣ್ಣ ಬಳಿದರೆ ಮುಗೀತು! ಆದರೆ ಥ್ರಾನ್‌ಗೆ ನಿಜವಾದ ಪರೀಕ್ಷೆ ಮುಖದಲ್ಲಿಲ್ಲ, ಎರಡು ದೃಶ್ಯಗಳಲ್ಲಿದೆ. ಮೊದಲ ಪುಸ್ತಕದಲ್ಲಿ ಒಬ್ಬ ಸಿಬ್ಬಂದಿಯ ಹಿಡಿತದಿಂದ ಲ್ಯೂಕ್‌ನ ಹಡಗು ತಪ್ಪಿಸಿಕೊಳ್ಳುತ್ತೆ. ಅವನು ಹೊಣೆ ಜಾರಿಸೋಕೆ ನೋಡ್ತಾನೆ, ಥ್ರಾನ್ ಅಲ್ಲೇ ಕೊಲ್ಲಿಸ್ತಾನೆ. ಮೂರನೇ ಪುಸ್ತಕದಲ್ಲಿ ಇನ್ನೊಬ್ಬನ ಕೈಯಿಂದಲೂ ಹೆಚ್ಚುಕಮ್ಮಿ ಹಾಗೇ ತಪ್ಪಿಸಿಕೊಳ್ಳುತ್ತೆ. ಆದರೆ ಈ ಹುಡುಗ ತನ್ನದೇ ಒಂದು ಉಪಾಯ ಮಾಡಿ ನೋಡಿರ್ತಾನೆ. ಅವನಿಗೆ ಬಡ್ತಿ! ಎರಡೂ ಕಡೆ ದನಿ ಏರಬಾರದು. ಸಾವು ಬರುತ್ತೋ ಬಡ್ತಿ ಬರುತ್ತೋ ಕೊನೇ ಕ್ಷಣದವರೆಗೆ ಗೊತ್ತಾಗಬಾರದು. ಅಪ್ರೈಸಲ್ ಮೀಟಿಂಗಲ್ಲಿ ಕೂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಆ ಪಾತ್ರ ಸಿಕ್ಕಿದ್ದು ಡೆನ್ಮಾರ್ಕಿನ ಲಾರ್ಸ್ ಮಿಕೆಲ್ಸನ್‌ಗೆ. ತಮಾಷೆ ಅಂದ್ರೆ, ‘ಷರ್ಲಾಕ್’ ಸರಣಿಯಲ್ಲಿ ಕಂಬರ್‌ಬ್ಯಾಚ್ ಎದುರು ಖಳನಾಗಿ ನಿಂತಿದ್ದವರು ಇವರೇ. 2016ರಲ್ಲಿ ‘ರೆಬೆಲ್ಸ್’ ಅನಿಮೇಷನ್ ಸರಣಿಗೆ ಥ್ರಾನ್‌ನ ದನಿಯಾದರು, 2023ರ ‘ಅಸೋಕಾ’ದಲ್ಲಿ ಖುದ್ದಾಗಿ ಬಂದರು. ದನಿ ಮೊದಲು, ಮುಖ ಆಮೇಲೆ. ಪಾತ್ರ ಹಂಚೋಕೆ ಇದೇ ಸರಿಯಾದ ದಾರಿ ಅಂತ ನನಗನ್ಸುತ್ತೆ.

ಹಾಗಿದ್ದೂ ‘ಅಸೋಕಾ’ದ ಥ್ರಾನ್ ನನಗೆ ಅರ್ಧ ಮಾತ್ರ ಸಿಕ್ಕಿದ. ನಟನೆಯಲ್ಲಿ ಕೊರತೆ ಇರಲಿಲ್ಲ. ಪಕ್ಕದಲ್ಲಿ ಕ್ಯಾಪ್ಟನ್ ಪೆಲಿಯಾನ್ ಇರಲಿಲ್ಲ.

ಝಾನ್ ಆ ಮೂರು ಪುಸ್ತಕಗಳಲ್ಲಿ ನಮ್ಮನ್ನು ಥ್ರಾನ್‌ನ ತಲೆಯೊಳಕ್ಕೆ ಬಿಡೋದೇ ಇಲ್ಲ. ನಾವು ಅವನನ್ನು ನೋಡೋದು ಪೆಲಿಯಾನ್ ಕಣ್ಣಿಂದ. ಪೆಲಿಯಾನ್ ಅನುಭವಸ್ಥ, ಆದರೂ ಅವನಿಗೆ ಅರ್ಥ ಆಗಲ್ಲ, ಅನುಮಾನ ಪಡ್ತಾನೆ, ಕೇಳ್ತಾನೆ. ಆ ಪ್ರಶ್ನೆಗೆ ಉತ್ತರವಾಗಿಯೇ ಥ್ರಾನ್‌ನ ಬುದ್ಧಿ ನಮಗೆ ಕಾಣೋದು. ಹೋಮ್ಸ್‌ಗೆ ವಾಟ್ಸನ್ ಇದ್ದ ಹಾಗೆ. ಕೇಳೋನಿಲ್ಲದ ಜಾಣ ತೆರೆ ಮೇಲೆ ಸುಮ್ಮನೆ ಜಂಭದವನ ಥರ ಕಾಣ್ತಾನೆ. 2023ರಲ್ಲೇ ‘ಮ್ಯಾಂಡಲೋರಿಯನ್’ ಸರಣಿಯ ಒಂದು ಕಂತಿನಲ್ಲಿ ಕ್ಸಾಂಡರ್ ಬರ್ಕ್‌ಲಿ ಪೆಲಿಯಾನ್ ಆಗಿ ಬಂದಿದ್ದರು. ಆದರೆ ಹೊಲೋಗ್ರಾಮ್ ಸಭೆಯಲ್ಲಿ ಒಂದಷ್ಟು ಮಾತಾಡಿ ಹೋದರು ಅಷ್ಟೇ. ಥ್ರಾನ್ ಎದುರು ನಿಲ್ಲಲೇ ಇಲ್ಲ.

ನಾನು ಪೆಲಿಯಾನ್ ಪರ ಇಷ್ಟು ವಾದ ಮಾಡೋಕೆ ಸ್ವಂತ ಕಾರಣವೂ ಇದೆ. ಶಿರಾ ಕಡೆಯ ಹಳ್ಳಿ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಇ, ಬೆಂಗಳೂರಲ್ಲಿ ಕೆಲಸ. ಮೊದಲ ವರ್ಷ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ರಟ್ಟು ಕಿತ್ತುಹೋದ ‘ಏರ್ ಟು ದಿ ಎಂಪೈರ್’ ಸಿಕ್ತು. ಆಗಿನ್ನೂ ಸ್ಟಾರ್ ವಾರ್ಸ್ ಸಿನಿಮಾ ಒಂದೂ ನೋಡಿರಲಿಲ್ಲ. ಹಾಗಾಗಿ ಮುಖಗಳನ್ನೆಲ್ಲ ನಾನೇ ಹಚ್ಚಿಕೊಂಡು ಓದಿದೆ. ಪೆಲಿಯಾನ್‌ಗೆ ನಮ್ಮೂರ ನಿವೃತ್ತ ಸುಬೇದಾರರ ನರೆತ ಮೀಸೆ ಬಂದು ಕೂತಿತ್ತು. ಆ ದಿನಗಳಲ್ಲಿ ಮೀಟಿಂಗಲ್ಲಿ ಅರ್ಥವಾಗದಿದ್ದರೂ ತಲೆ ಆಡಿಸ್ತಿದ್ದೆ. ನನ್ನ ಇಂಗ್ಲಿಷ್ ಕೇಳಿ ಯಾರಾದರೂ ನಕ್ಕರೆ? ಇಲ್ಲಿ ನೋಡಿದರೆ ಹಡಗಿನ ಕ್ಯಾಪ್ಟನ್ನೇ ‘ನನಗೆ ತಿಳೀಲಿಲ್ಲ’ ಅಂತಾನೆ, ಮೇಲಿನವನು ಸಮಾಧಾನದಿಂದ ವಿವರಿಸ್ತಾನೆ. ಮುಂದಿನ ವಾರ ಮೀಟಿಂಗಲ್ಲಿ ನಾನೂ ಒಂದು ಪ್ರಶ್ನೆ ಕೇಳಿದೆ. ಯಾರೂ ನಗಲಿಲ್ಲ.

ನಮ್ಮೂರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಪಾತ್ರ ಹಂಚುವಾಗ ಎಲ್ಲರ ಕಣ್ಣೂ ದುರ್ಯೋಧನನ ಗದೆ ಮೇಲೆ. ಎದುರು ನಿಂತು ಮಾತು ಕೇಳಿಸಿಕೊಳ್ಳೋ ಪಾತ್ರ ಯಾರಿಗೂ ಬೇಡ. ನಮ್ಮ ಟೀ ಟೇಬಲ್ಲಿನ ಪಟ್ಟಿಯೂ ಹಾಗೇ ಇತ್ತು. ಈಗ ನಾನು ಪೆಲಿಯಾನಿಂದಲೇ ಶುರು ಮಾಡ್ತೀನಿ. ನನ್ನ ಆಯ್ಕೆ ಜ್ಯಾರೆಡ್ ಹ್ಯಾರಿಸ್. ‘ದಿ ಟೆರರ್’ನಲ್ಲಿ ಮೇಲಧಿಕಾರಿಯ ನಿರ್ಧಾರವನ್ನು ನಂಬದೆಯೂ ಅವನ ಕೆಳಗೇ ದುಡಿಯೋ ಹಡಗಿನ ಕ್ಯಾಪ್ಟನ್ ಆಗಿದ್ದಾರಲ್ಲ, ಆ ಮುಖದಲ್ಲಿ ಅನುಮಾನವೂ ನಿಷ್ಠೆಯೂ ಒಟ್ಟಿಗೇ ಕಾಣುತ್ತೆ.

ಇನ್ನು ಮಾರಾ ಜೇಡ್. ಚಕ್ರವರ್ತಿಯ ಗುಟ್ಟಿನ ಬಂಟಳಾಗಿದ್ದವಳು. ಅವನು ಸತ್ತ ಮೇಲೂ ಲ್ಯೂಕ್‌ನನ್ನು ಕೊಲ್ಲೆಂಬ ಅಪ್ಪಣೆ ತಲೆಯೊಳಗೆ ಮೊಳಗುತ್ತಲೇ ಇರುತ್ತೆ. ಇವತ್ತಿಗೂ ತೆರೆಗೆ ಬಂದಿಲ್ಲ. ಕೆಂಗೂದಲು ಅನ್ನೋ ಕಾರಣಕ್ಕೆ ಕ್ಯಾರೆನ್ ಗಿಲ್ಲನ್ ಹೆಸರು ಹೇಳೋರಿದ್ದಾರೆ. ಹೆಸರು ಸರಿ, ಕಾರಣ ತಪ್ಪು. 2014ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯಲ್ಲಿ ತಲೆ ಬೋಳಿಸಿ, ನೀಲಿ ಬಣ್ಣ ಬಳಿದುಕೊಂಡು ನೆಬ್ಯುಲಾ ಆಗಿದ್ದರಲ್ಲ, ಕ್ರೂರಿಯೊಬ್ಬ ಆಯುಧದ ಹಾಗೆ ಬೆಳೆಸಿದ ಮಗಳು, ಅದನ್ನು ನೋಡಿ. ಒಂದು ಕೂದಲೂ ಇಲ್ಲದೆ ಅವರು ಮಾರಾಳ ಸಿಟ್ಟನ್ನು ಅಲ್ಲೇ ತೋರಿಸಿದ್ದಾರೆ. ಇವಳಿಗೂ ಒಬ್ಬಳಿಗೇ ನಟಿ ಹುಡುಕಿದರೆ ಸಾಲದು, ಆ ಸಿಟ್ಟನ್ನು ತಾಳಿಕೊಂಡು ಕೇಳಿಸಿಕೊಳ್ಳುವ ಲ್ಯೂಕ್ ಒಬ್ಬ ಬೇಕು.

ಮೊನ್ನೆ ಇದನ್ನೆಲ್ಲ ಹೇಳಿದಾಗ ಗೆಳೆಯನೊಬ್ಬ, ‘ಗುರೂ, ನೀನು ಹೀರೋನ ಬಿಟ್ಟು ಪಕ್ಕದವರಿಗೇ ಕಾಸ್ಟಿಂಗ್ ಮಾಡ್ತೀಯಲ್ಲ’ ಅಂದ. ಹೌದು ಮಾರಾಯ. ಪಕ್ಕದವನು ಸರಿಯಾಗಿ ಸಿಕ್ಕಿದರೆ ಹೀರೋ ತಾನಾಗೇ ಕಾಣ್ತಾನೆ.