ಹುಯ್ಯಲು ಮತ್ತು ಓಗೊಡುವಿಕೆ: ಒಳಾಂಗಣದ ಗುಂಡಿನ ಸದ್ದನ್ನು ಗುರುತಿಸುವ ಯಂತ್ರಗಳ ಬಗ್ಗೆ ಒಂದು ವಿಮರ್ಶೆ

ಕಟ್ಟಡದೊಳಗೆ ಬಂದೂಕು ಹಾರಿದೊಡನೆ ಆ ಸದ್ದನ್ನು ತಾನಾಗಿಯೇ ಗುರುತಿಸಿ, ಅದು ಹಾರಿದ ಕೊಠಡಿಯನ್ನು ಸೂಚಿಸಿ, ಕೆಲವೇ ಕ್ಷಣಗಳಲ್ಲಿ ಪೊಲೀಸರಿಗೆ ಸುದ್ದಿ ಮುಟ್ಟಿಸುವ ಯಂತ್ರಗಳು ಅಮೆರಿಕದ ಶಾಲೆ ಕಛೇರಿಗಳಲ್ಲಿ ಬಳಕೆಗೆ ಬಂದಿವೆ. ಸುದ್ದಿ ಬೇಗ ಮುಟ್ಟಿದರೆ ನೆರವೂ ಬೇಗ ಮುಟ್ಟುವುದೆಂಬುದು ಇವುಗಳ ಪರವಾದ ಮುಖ್ಯ ವಾದ. ಈ ವಾದವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿಯ ಒಂದು ಶಾಲೆಯ ಕಟ್ಟಡವೇ ಹಿಂದೊಮ್ಮೆ ಗುಂಡಿಗೆ ಗುರಿಯಾಗಿತ್ತು. ಆದುದರಿಂದ ಇದು ನಮಗೆ ಪರದೇಶದ ಸುದ್ದಿ ಮಾತ್ರವಲ್ಲ.

ಯಂತ್ರಶಾಸ್ತ್ರವು ಈ ಲೇಖಕನ ವ್ಯಾಸಂಗದ ವಿಷಯವಲ್ಲವಾದರೂ, ಯಂತ್ರದ ಮೂಲತತ್ತ್ವವನ್ನು ತಿಳಿಯುವುದು ಕಷ್ಟವಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಬಯಲಿನಲ್ಲಿ ಹಲವೆಡೆ ಮೈಕ್ರೊಫೋನುಗಳನ್ನಿಟ್ಟು, ಒಂದೊಂದಕ್ಕೂ ಸದ್ದು ಮುಟ್ಟಿದ ಕಾಲದ ಅಂತರವನ್ನು ಗಣಿಸಿದರೆ ಸದ್ದು ಹುಟ್ಟಿದ ಸ್ಥಳ ದೊರೆಯುತ್ತದೆ. ಕಟ್ಟಡದೊಳಗೆ ಈ ಲೆಕ್ಕ ಕೆಡುತ್ತದೆ. ಗೋಡೆ, ಸೂರು, ನೆಲಗಳಿಂದ ಮರುದನಿ ಎದ್ದು ಒಂದು ಸದ್ದು ಹತ್ತಾಗುತ್ತದೆ. ಆದ್ದರಿಂದ ಒಳಾಂಗಣದಲ್ಲಿ ಕೊಠಡಿಗೊಂದರಂತೆ ಗ್ರಾಹಕವನ್ನಿಡುವುದು ರೂಢಿ. ಕೆಲವು ಯಂತ್ರಗಳು ಬಂದೂಕಿನ ಬಾಯಿಂದ ಹೊಮ್ಮುವ ಉರಿಯ ಅವಕೆಂಪು ಕಿರಣವನ್ನೂ ನೋಡಿ, ಸದ್ದು ಮತ್ತು ಬೆಳಕು ಎರಡೂ ಕೂಡಿದಾಗ ಮಾತ್ರ ಎಚ್ಚರಿಕೆ ನೀಡುತ್ತವೆ. ಇದು ಬುದ್ಧಿವಂತಿಕೆಯ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಮೇಜಿನ ಕೆಳಗೆ ಅಡಗಿದ ಉಪಾಧ್ಯಾಯನು ದೂರವಾಣಿಯಲ್ಲಿ ಮಾತನಾಡಲಾರದ ಹೊತ್ತಿನಲ್ಲಿ ಯಂತ್ರವು ಅವನ ಪರವಾಗಿ ಮಾತನಾಡುತ್ತದೆ.

ಆದರೆ ಸದ್ದನ್ನು ಕೇಳುವುದು ಬೇರೆ, ಅದರ ಅರ್ಥವನ್ನು ನಿಶ್ಚಯಿಸುವುದು ಬೇರೆ. ಷಿಕಾಗೋ ನಗರದ ಬೀದಿಗಳಲ್ಲಿ ಇಂಥ ಯಂತ್ರಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ, ಆ ನಗರದ ತನಿಖಾಧಿಕಾರಿಯು 2021ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಪರಿಶೀಲಿಸಿದ ಸುಮಾರು 50,000 ಎಚ್ಚರಿಕೆಗಳಲ್ಲಿ ಬಂದೂಕಿನ ಅಪರಾಧಕ್ಕೆ ಪುರಾವೆ ದಾಖಲಾದುದು ಶೇಕಡಾ 9ರಷ್ಟರಲ್ಲಿ ಮಾತ್ರ. 2024ರಲ್ಲಿ ನಗರವು ಆ ಏರ್ಪಾಡನ್ನೇ ನಿಲ್ಲಿಸಿತು. ಅದು ಬಯಲಿನ ಯಂತ್ರ, ಒಳಾಂಗಣದ ಯಂತ್ರಕ್ಕೆ ಈ ದೋಷ ಅಷ್ಟಾಗಿ ತಟ್ಟದೆಂಬ ಸಮಾಧಾನ ಉಂಟು, ಅದನ್ನು ಒಪ್ಪಬಹುದು. ಆದರೂ ಬಂಡೆ ಸಿಡಿಸುವ ಸದ್ದು, ಕಡಲೆಕಾಯಿ ಹೊಲದಲ್ಲಿ ಹಂದಿ ಬೆದರಿಸುವ ಪಟಾಕಿ, ಜಾತ್ರೆಯ ಮದ್ದು ಇವೆಲ್ಲ ಕಿಟಕಿಯ ಮೂಲಕ ತರಗತಿಯೊಳಕ್ಕೆ ಬರುವ ನಮ್ಮ ಸೀಮೆಯಲ್ಲಿ ಯಂತ್ರವನ್ನು ಮೊದಲು ಇಲ್ಲಿಯ ಸದ್ದುಗಳಿಗೆ ಪಳಗಿಸಬೇಕಾಗುತ್ತದೆ. ಮೂರು ಸಲ ಸುಳ್ಳು ಕೂಗಿದ ಕಾವಲುಗಾರನ ನಾಲ್ಕನೆಯ ಕೂಗಿಗೆ ಯಾರೂ ಏಳರು.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯ ಕಟ್ಟಡದಲ್ಲಿ ಬಿಡಾರ ಹೂಡಿದ್ದ ರಾಜ್ಯ ಮೀಸಲು ಪೊಲೀಸ್ ತುಕಡಿಯ ಮೇಲೆ ನಕ್ಸಲೀಯರು ದಾಳಿ ಮಾಡಿ ಹಲವರನ್ನು ಕೊಂದರು. ಅಲ್ಲಿದ್ದವರು ಪೊಲೀಸರು, ಗುಂಡಿನ ಸದ್ದನ್ನು ಗುರುತಿಸಬಲ್ಲ ಕಿವಿಗಳಿಗೆ ಅಲ್ಲಿ ಕೊರತೆ ಇರಲಿಲ್ಲ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡಕ್ಕೂ ಜಿಲ್ಲಾ ಕೇಂದ್ರವಾದ ತುಮಕೂರಿಗೂ ಸುಮಾರು 100 ಕಿಲೋಮೀಟರ್ ದೂರ. ಸುದ್ದಿ ಒಂದು ಸೆಕೆಂಡಿನಲ್ಲಿ ಮುಟ್ಟಿದರೂ ವಾಹನ ಆ ದಾರಿಯನ್ನು ಸವೆಸಲೇಬೇಕಷ್ಟೆ.

ದೂರವೊಂದೇ ಅಡ್ಡಿಯೆಂದೂ ಹೇಳುವಂತಿಲ್ಲ. 2022ರ ಮೇ 24ರಂದು ಅಮೆರಿಕದ ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಹತರಾದರು. ಪೊಲೀಸರು ಕೆಲವೇ ನಿಮಿಷಗಳಲ್ಲಿ ಒಳಹೊಕ್ಕು, ಗುಂಡಿನ ಸದ್ದನ್ನು ಕಿವಿಯಾರೆ ಕೇಳಿಯೂ, ಹಂತಕನಿದ್ದ ಕೊಠಡಿಗೆ ನುಗ್ಗಲು 77 ನಿಮಿಷ ತಡೆದರು. ಅಲ್ಲಿ ಕೊರತೆಯಾದುದು ಅರಿವಲ್ಲ, ಅರಿವಿನಿಂದ ಕಾರ್ಯಕ್ಕೆ ದಾಟುವ ನಿಶ್ಚಯ. ಇದನ್ನು ಯಾವ ಯಂತ್ರವೂ ಪೂರೈಸಲಾರದು.

ಈ ಸಂದರ್ಭದಲ್ಲಿ ನಮ್ಮ ಶಾಸನಗಳತ್ತ ದೃಷ್ಟಿ ಹಾಯಿಸುವುದು ಅಪ್ರಸ್ತುತವಾಗದು. 'ಹುಯ್ಯಲು' ಎಂಬ ಮಾತಿಗೆ ಕೂಗು, ಮೊರೆ ಎಂಬ ಅರ್ಥಗಳಿವೆ. ಅದರ ಹಳೆಯ ರೂಪವಾದ 'ಪುಯ್ಯಲ್' ವೀರಗಲ್ಲುಗಳಲ್ಲಿ ಕಾಳಗವನ್ನೂ ಸೂಚಿಸುತ್ತದೆ. ಕೂಗಿಗೂ ಅದಕ್ಕೆ ಓಗೊಟ್ಟು ನಡೆಸಿದ ಹೋರಾಟಕ್ಕೂ ಒಂದೇ ಮಾತು ಸಲ್ಲುವುದು ಗಮನಾರ್ಹ. 1904ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟವು ತುಮಕೂರು ಜಿಲ್ಲೆಯದು. ಈ ಭಾಗದ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ನೋಡಬೇಕು. ವೀರಗಲ್ಲುಗಳು ಸಾಮಾನ್ಯವಾಗಿ ನೆನೆಯುವುದು ಕೂಗಿದವನನ್ನಲ್ಲ, ಕೂಗಿಗೆ ಓಡಿದವನನ್ನು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ಪದ್ಧತಿಯೂ ಇತ್ತು. ಅಪಾಯಕ್ಕೆ ಓಡುವವನನ್ನು ಸಾಕುವ ಹೊಣೆ ಸಮಾಜದ್ದೆಂಬ ತಿಳುವಳಿಕೆ ಈ ಪದ್ಧತಿಯ ಹಿಂದಿದೆ. ಆ ಕಾಲವನ್ನು ಹೊಗಳುವುದು ನಮ್ಮ ಆಶಯವಲ್ಲ. ತುರು ಕವಿದವನನ್ನೂ ಅವನ ಊರು ವೀರನೆಂದೇ ಕರೆದೀತು. ನಮಗೆ ಬೇಕಾದುದು ಆ ತಿಳುವಳಿಕೆ ಮಾತ್ರ.

ಹಾಗಾದರೆ ಯಂತ್ರವೇ ಬೇಡವೆ? ಹಾಗೆನ್ನಲಾಗದು. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿ ನಡೆದು ನಿವೃತ್ತ ಪ್ರಾಧ್ಯಾಪಕ ಎಂ. ಸಿ. ಪುರಿ ಅವರು ಹತರಾದುದನ್ನು ನೆನೆದರೆ, ಪೊಲೀಸರೂ ಆಸ್ಪತ್ರೆಯೂ ಹತ್ತಿರವಿರುವ ದೊಡ್ಡ ಕಟ್ಟಡಗಳಲ್ಲಿ ಅದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿ ಉಳಿಯುವ ಒಂದೊಂದು ನಿಮಿಷವೂ ನಿಜವಾದ ಉಳಿತಾಯ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಾದರೋ ಕ್ರಮ ಬೇರೆಯಾಗಬೇಕು. ಸದ್ದಿನಿಂದ ಸುದ್ದಿಗೆ, ಸುದ್ದಿಯಿಂದ ಹೊರಡುವಿಕೆಗೆ, ಹೊರಡುವಿಕೆಯಿಂದ ತಲಪುವಿಕೆಗೆ ಹಿಡಿಯುವ ಮೂರು ಕಾಲಗಳನ್ನೂ ಮೊದಲು ಅಳೆಯಬೇಕು. ಯಾವುದು ಹೆಚ್ಚು ದೀರ್ಘವೋ ಅದಕ್ಕೆ ಮೊದಲು ಹಣ ಸಲ್ಲಬೇಕು. 112ಕ್ಕೆ ಕರೆ ಮಾಡಿ ಶಾಲೆಯ ಸ್ಥಳವನ್ನು ಸ್ಪಷ್ಟವಾಗಿ ಹೇಳುವುದು, ಬಾಗಿಲನ್ನು ಒಳಗಿನಿಂದ ಭದ್ರಪಡಿಸುವುದು, ಸುರಿಯುವ ರಕ್ತವನ್ನು ಒತ್ತಿಹಿಡಿದು ತಡೆಯುವುದು ಇವನ್ನು ಉಪಾಧ್ಯಾಯರೆಲ್ಲರೂ ಕಲಿಯಬಹುದು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ.

ಯಂತ್ರವು ಹುಯ್ಯಲಿಡಬಲ್ಲುದು. ಅದಕ್ಕೆ ಓಗೊಡುವವರನ್ನು ಸಿದ್ಧಪಡಿಸದೆ ಯಂತ್ರವನ್ನು ಕೊಂಡರೆ, ದುರಂತವು ಯಾವ ಗಳಿಗೆಯಲ್ಲಿ ಆರಂಭವಾಯಿತೆಂಬ ನಿಷ್ಕೃಷ್ಟ ದಾಖಲೆಯೊಂದು ಮುಂದಿನ ಇತಿಹಾಸಕಾರನಿಗೆ ದೊರೆತೀತು. ಮಕ್ಕಳಿಗೆ ರಕ್ಷಣೆ ದೊರೆಯದು.