ಬೆನ್ನು ತೋರಿದವಳು, ಮುಖ ತೋರುವ ಕನ್ನಡಿ

ಡೆಲ್ಫ್ಟ್ ನಗರದ ಚಿತ್ರಕಾರ ಯೊಹಾನೆಸ್ ವರ್ಮೀರ್ 1660ರ ದಶಕದ ಮೊದಲ ಭಾಗದಲ್ಲಿ ರಚಿಸಿದ, ಈಗ ‘ಸಂಗೀತ ಪಾಠ’ ಎಂದು ಕರೆಯಲಾಗುವ ತೈಲಚಿತ್ರದಲ್ಲಿ ವಾದ್ಯ ನುಡಿಸುತ್ತಿರುವ ಹೆಣ್ಣು ನೋಡುಗರಿಗೆ ಬೆನ್ನು ತೋರಿ ನಿಂತಿದ್ದಾಳೆ. 17ನೆಯ ಶತಮಾನದ ಹಾಲೆಂಡಿನಲ್ಲಿ, ದೇವರು ದೊರೆಗಳ ಕಥೆಗಳನ್ನು ಬದಿಗಿರಿಸಿ ನಿತ್ಯದ ಬದುಕನ್ನೇ ವಸ್ತುವಾಗಿಸಿಕೊಂಡ ‘ಜಾನ್ರ್’ ಚಿತ್ರಗಳಿಗೆ ಒಳ್ಳೆಯ ಬೇಡಿಕೆಯಿತ್ತು. ಲ್ಯೂಟ್ ಮೀಟುವ, ಸ್ವರಪುಸ್ತಕ ಹಿಡಿದು ಹಾಡುವ ಹೆಣ್ಣುಗಳು ಅವುಗಳಲ್ಲಿ ಹೇರಳವಾಗಿದ್ದು, ಪಕ್ಕದಲ್ಲೊಬ್ಬ ಗಂಡಸು ಬಂದು ನಿಂತನೆಂದರೆ ಅಲ್ಲಿ ಪ್ರಣಯದ ಸುಳಿವಿದೆಯೆಂದು ಅಂದಿನ ಕೊಳ್ಳುಗರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಸುಳಿವನ್ನು ಅನೇಕರು ಮದ್ಯದ ಲೋಟ, ಓರೆನೋಟಗಳಿಂದ ಬಿಡಿಸಿ ಹೇಳಿದರೆ, ವರ್ಮೀರ್ ನುಡಿಸುವವಳ ಮುಖವನ್ನೇ ಮರೆಮಾಡಿದ್ದಾನೆ.

ಆಕೆಯ ಮುಂದಿರುವುದು ವರ್ಜಿನಲ್, ಅಂದರೆ ಉದ್ದನೆಯ ಪೆಟ್ಟಿಗೆಯಂತಹ, ಕೀಲಿಮಣೆಯುಳ್ಳ ತಂತಿವಾದ್ಯ. ಕೀಲಿಯನ್ನೊತ್ತಿದಾಗ ಅದರ ಇನ್ನೊಂದು ತುದಿಯ ಮೇಲೆ ನಿಂತಿರುವ ತೆಳು ಮರದ ಪಟ್ಟಿ ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಚೂರು ತಂತಿಯನ್ನು ಮೀಟುತ್ತದೆ. ಪಿಯಾನೊದಲ್ಲಿರುವಂತೆ ಸುತ್ತಿಗೆಯ ಹೊಡೆತ ಇಲ್ಲಿಲ್ಲವಾದ್ದರಿಂದ, ಬೆರಳಿನ ಒತ್ತು ಹೆಚ್ಚಿದರೂ ತಗ್ಗಿದರೂ ನಾದದ ಜೋರು ಅಷ್ಟಾಗಿ ಬದಲಾಗದು. ಚಿತ್ರದ ವಾದ್ಯ ಆಂಟ್ವರ್ಪ್‌ನ ರುಕರ್ಸ್ ಮನೆತನದವರು ತಯಾರಿಸುತ್ತಿದ್ದ ವರ್ಜಿನಲ್‌ಗಳನ್ನು, ಅಂಟಿಸಿದ ಅಚ್ಚುಕಾಗದದ ಅಲಂಕಾರದವರೆಗೂ, ಹೋಲುತ್ತದೆ. ಮುಚ್ಚಳದ ಮೇಲಿನ ಲ್ಯಾಟಿನ್ ಬರಹ ಸಂಗೀತವನ್ನು ಸಂತೋಷದ ಸಂಗಾತಿಯೆಂದೂ ನೋವಿನ ಮದ್ದೆಂದೂ ಸಾರುತ್ತದೆ. ಇದರಿಂದಲೂ, ಹಿಂಗೋಡೆಯ ಬಲತುದಿಯಲ್ಲಿ ತೂಗುಹಾಕಿರುವ, ಸೆರೆಯಲ್ಲಿದ್ದ ತಂದೆಗೆ ಮಗಳು ಮೊಲೆಯುಣಿಸಿ ಬದುಕಿಸಿದ ರೋಮನ್ ಕಥೆಯ ಚಿತ್ರದಿಂದಲೂ ನೀತಿಯನ್ನು ಹಿಂಡಲು ವಿದ್ವಾಂಸರು ಹೊರಟದ್ದುಂಟು. ಆದರೆ ವರ್ಮೀರ್ ಆ ಚಿತ್ರದ ಒಂದು ಪಾಲನ್ನಷ್ಟೇ ಅಂಚಿನಲ್ಲಿ ಉಳಿಸಿ ಮಿಕ್ಕದ್ದನ್ನು ಕತ್ತರಿಸಿರುವಾಗ, ಅದರ ಮೇಲೆ ಅಷ್ಟು ಭಾರ ಹೊರಿಸುವುದು ಸಲ್ಲದು.

ನಿಜವಾಗಿ ಕಣ್ಣು ನಿಲ್ಲಬೇಕಾದದ್ದು ವಾದ್ಯದ ಮೇಲೆ ಬಾಗಿಸಿ ತೂಗುಹಾಕಿದ ಕನ್ನಡಿಯಲ್ಲಿ. ಹಿಂದಿನಿಂದ ಕಾಣುವ ತಲೆ ಕೀಲಿಗಳಿಗೆ ನೇರವಾಗಿದ್ದರೆ, ಕನ್ನಡಿಯೊಳಗಿನ ಮುಖ ಬಲಗಡೆ ನಿಂತ ಗಂಡಸಿನತ್ತ ವಾಲಿದೆ. ಕೋಣೆಯ ರೇಖೆಗಳೆಲ್ಲ ಒಂದೆಡೆ ಸೇರುವ ಬಿಂದುವನ್ನು ಆಕೆಯ ಎಡತೋಳಿನ ಬಳಿ ಲೆಕ್ಕವಿಟ್ಟು ಕೂರಿಸಿದವನು ಈ ವ್ಯತ್ಯಾಸವನ್ನು ಕೈತಪ್ಪಿ ಬರೆದನೆಂದರೆ ನಂಬುವುದು ಕಷ್ಟ. ಅದೇ ಕನ್ನಡಿಯ ಮೇಲ್ಭಾಗದಲ್ಲಿ ಚಿತ್ರಕಾರ ಪಟವನ್ನು ಒರಗಿಸುವ ಈಸೆಲ್‌ನ ಕಾಲೂ ಕಾಣುವುದರಿಂದ, ಆ ಇಬ್ಬರ ಏಕಾಂತದಲ್ಲಿ ಮೂರನೆಯವನೊಬ್ಬನಿದ್ದುದು ಬಯಲಾಗುತ್ತದೆ. ನೋಡುಗರನ್ನು ಮಾತ್ರ ದಪ್ಪ ಜಮಖಾನ ಹೊದಿಸಿದ ಮೇಜೂ ನೆಲದಲ್ಲಿ ಮಲಗಿಸಿದ ಬೇಸ್ ವಯೋಲ್ ಎಂಬ ಕಮಾನುವಾದ್ಯವೂ ದೂರದಲ್ಲೇ ತಡೆಯುತ್ತವೆ.

ವೆನಿಸ್‌ನಲ್ಲಿ ಬ್ರಿಟಿಷ್ ಕಾನ್ಸಲ್ ಆಗಿದ್ದ ಜೋಸೆಫ್ ಸ್ಮಿತ್‌ನ ಸಂಗ್ರಹದೊಂದಿಗೆ ಈ ಚಿತ್ರ 1762ರಲ್ಲಿ ದೊರೆ ಮೂರನೆಯ ಜಾರ್ಜ್‌ನ ಕೈಸೇರಿದಾಗ, ಸಹಿಯನ್ನು ತಪ್ಪಾಗಿ ಓದಿದ್ದರಿಂದ ಇದನ್ನು ಚಿತ್ರಕಾರ ಫ್ರಾನ್ಸ್ ವಾನ್ ಮೀರಿಸ್‌ನ ಕೃತಿಯೆಂದು ಎಣಿಸಲಾಗಿತ್ತು. ಬಟ್ಟೆಯ ನೇಯ್ಗೆಯನ್ನು ಎಳೆಎಳೆಯಾಗಿ ನಯಗೊಳಿಸುವ ಮೀರಿಸ್‌ನ ಕುಂಚಕ್ಕೂ, ಜಮಖಾನವನ್ನು ಬಣ್ಣದ ಚುಕ್ಕೆಗಳಲ್ಲೇ ಮುಗಿಸುವ ಈ ಕುಂಚಕ್ಕೂ ಇರುವ ಅಂತರ ಎದ್ದು ಕಾಣುವಂಥದ್ದಾದರೂ, ಫ್ರೆಂಚ್ ವಿಮರ್ಶಕ ಥೋರೆ-ಬ್ಯೂರ್ಗರ್ 1866ರಲ್ಲಿ ಗುರುತಿಸುವವರೆಗೆ ವರ್ಮೀರ್‌ನ ಹೆಸರು ಇದಕ್ಕೆ ಮರಳಿ ದಕ್ಕಲಿಲ್ಲ.