ಅವಧಾನಪರೀಕ್ಷೆಯೂ ಅಪರಾಧನಿರ್ಣಯವೂ

ಲೈಂಗಿಕ ಅಪರಾಧಿಗಳ ಚಿತ್ತವೃತ್ತಿಯನ್ನು ಅರಿಯಲು ಮನಶ್ಶಾಸ್ತ್ರಜ್ಞರು ಅವಧಾನಪರೀಕ್ಷೆಗಳನ್ನೂ ಬಳಸುತ್ತಿರುವರು. ಇವುಗಳ ಮೂಲತತ್ತ್ವವು ಸರಳವಾದುದು. ‘ಕೆಂಪು’ ಎಂಬ ಪದವನ್ನು ಹಸುರು ಮಸಿಯಲ್ಲಿ ಬರೆದು ಮಸಿಯ ಬಣ್ಣವನ್ನು ಕೇಳಿದರೆ ಉತ್ತರವು ತಡವಾಗುವುದೆಂದು 1935ರಲ್ಲಿ ಸ್ಟ್ರೂಪ್ ಎಂಬ ಅಮೆರಿಕದ ವಿದ್ವಾಂಸನು ತೋರಿಸಿದನು. ಅಂತೆಯೇ, ಮನಸ್ಸನ್ನು ಸೆಳೆಯುವ ಚಿತ್ರವೋ ಪದವೋ ಎದುರಿಗಿದ್ದರೆ, ಒಪ್ಪಿಸಿದ ಬೇರೆ ಕೆಲಸವು ಕ್ಷಣದ ಅಲ್ಪಾಂಶದಷ್ಟು ನಿಧಾನವಾಗುವುದು. ಆ ವಿಳಂಬದಿಂದ ಆಸಕ್ತಿಯನ್ನು ಊಹಿಸುವರು. ಬಾಯಿಮಾತಿನಲ್ಲಿ ಮರೆಮಾಚುವುದು ಸುಲಭ, ಇಲ್ಲಿ ಕಷ್ಟ. ಇದೇ ಈ ವಿಧಾನದ ಗುಣ.

ಆದರೆ ವಿಳಂಬವು ಯಾವುದರ ಗುರುತು? ಭಯ, ನಾಚಿಕೆ, ಜುಗುಪ್ಸೆ, ಆಯಾಸ ಇವೂ ಅವಧಾನವನ್ನು ಕದಡುವುವು. ಪದಗಳನ್ನು ಬಳಸುವಲ್ಲಿ ಓದಿನ ರೂಢಿಯೂ ಸೇರುವುದು: ಕನ್ನಡ ಮರಾಠಿಗಳೆರಡೂ ನಡೆಯುವ ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ, ಎಕಂಬಾದಂಥ ಊರಿನವನಿಗೆ ಯಾವ ಭಾಷೆಯ ಪದವನ್ನು ತೋರಿಸಬೇಕೆಂಬುದೇ ಮೊದಲ ಪ್ರಶ್ನೆ. ಸಮೂಹಗಳ ಸರಾಸರಿಯಲ್ಲಿ ಕಂಡ ಭೇದವು ಒಬ್ಬ ವ್ಯಕ್ತಿಯ ವಿಷಯದಲ್ಲಿ ನಿಶ್ಚಯವಾಗದು. ಆಸಕ್ತಿಯುಳ್ಳವರೆಲ್ಲರೂ ಕೃತ್ಯವೆಸಗಿದವರಲ್ಲ, ಮಕ್ಕಳ ಮೇಲೆ ದೌರ್ಜನ್ಯವೆಸಗಿದವರೆಲ್ಲರಲ್ಲಿಯೂ ಅಂಥ ಸ್ಥಿರವಾದ ಆಸಕ್ತಿಯಿರುವುದೂ ಇಲ್ಲ.

ಈ ವಿವೇಕವು ಆ ಸೀಮೆಗೆ ಹೊಸದಲ್ಲ. ಅದೇ ಜಿಲ್ಲೆಗೆ ಇಂದು ಸೇರಿರುವ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ನ್ಯಾಯಸಭೆಯಲ್ಲಿ ತುಟಿಯಂಚನ್ನು ನೆಕ್ಕುವವನು, ಹಣೆ ಬೆವರುವವನು, ಮುಖ ಬಣ್ಣಗೆಡುವವನು ದುಷ್ಟನೆಂದು ಸ್ಮೃತಿಯು ಎಣಿಸುವುದು. ವ್ಯಾಖ್ಯಾನಕಾರನಾದರೋ, ಇವು ದೋಷದ ಸಂಭಾವನೆಯನ್ನು ಮಾತ್ರ ತಿಳಿಸುವುವು, ದೋಷವನ್ನು ನಿಶ್ಚಯಿಸಲಾರವು ಎಂದು ಮಿತಿಯನ್ನು ಹಾಕಿದನು. ಸಹಜವಾದ ವಿಕಾರವನ್ನೂ ನಿಮಿತ್ತದಿಂದ ಹುಟ್ಟಿದ ವಿಕಾರವನ್ನೂ ಬೇರ್ಪಡಿಸಿ ಅರಿಯುವುದು ಕಷ್ಟವೆಂಬುದೇ ಅವನು ಕೊಟ್ಟ ಕಾರಣ.

ನಮ್ಮ ಕಾಲದ ನ್ಯಾಯವೂ ಇದರ ಸಮೀಪಕ್ಕೆ ಬಂದಿರುವುದು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ, 2010ರ ಮೇ 5ರಂದು, ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಪರೀಕ್ಷೆಗಳನ್ನು ಸಮ್ಮತಿಯಿಲ್ಲದೆ ನಡೆಸಕೂಡದೆಂದು ತೀರ್ಪಿತ್ತಿತು; ಸಮ್ಮತಿಯಿಂದ ನಡೆದರೂ ಅವುಗಳ ಫಲವು ತಾನೇ ಸಾಕ್ಷ್ಯವಾಗದೆಂದಿತು. ಅವಧಾನಪರೀಕ್ಷೆಯು ಆ ವಿಚಾರಣೆಯ ವಿಷಯವಾಗಿರಲಿಲ್ಲ. ಆದರೂ ಆ ಯುಕ್ತಿಯು ಇದಕ್ಕೂ ಸಲ್ಲತಕ್ಕುದು.

ಆದುದರಿಂದ ದಂಡಿತನಾದವನ ಚಿಕಿತ್ಸೆಯಲ್ಲಿ, ಇತರ ಆಧಾರಗಳೊಡನೆ, ಈ ಪರೀಕ್ಷೆಗೆ ಸ್ಥಾನವುಂಟು. ಕೃತ್ಯವು ನಡೆಯಿತೇ ಎಂಬ ಪ್ರಶ್ನೆಗೆ ಅದು ಉತ್ತರವಾಗದು. ಹಾಗೆ ಎಣಿಸಿದರೆ ನಿರಪರಾಧಿಗೆ ಕಳಂಕ ತಗಲುವುದಲ್ಲದೆ, ಪರೀಕ್ಷೆಯಲ್ಲಿ ಆಸಕ್ತಿ ಕಾಣಿಸದ ಅಪರಾಧಿಯು ಪಾರಾಗಿ, ನೊಂದವರಿಗೆ ಎರಡನೆಯ ಸಲ ಅನ್ಯಾಯವಾಗುವುದು.